ನಲವತ್ತೇಳು ಸಲ

ಹಲೋ… ಹಾಂ, ಹಲೋ. ಯಾರು ಮಾತಾಡ್ತಿರೋದು?… ಸ್ವಲ್ಪ ಗಟ್ಟಿಯಾಗಿ ಹೇಳಿ, ಇಲ್ಲಿ ಕಾಯಿ ಸುಲೀತಿದ್ದಾರೆ, ಸರಿಯಾಗಿ ಕೇಳಿಸ್ತಿಲ್ಲ.

…

ಯಾವ ಮೋಹನ್ ಕುಮಾರ್? ವಿಶ್ವವಿದ್ಯಾಲಯದಿಂದಾನಾ?… ಅಯ್ಯೋ, ನಮ್ಮ ಮೋಹನ ಅನ್ನಬಾರದಾ. ಮೂರು ವರ್ಷ ನನ್ನ ಕನ್ನಡ ಕ್ಲಾಸಿನ ಕಿಟಕಿ ಪಕ್ಕ ಕೂತು ಹೋಗೋ ಬರೋ ರೈಲು ನೋಡಿದವನು, ಈಗ ಆನ್‌ಲೈನ್ ಕಲಿಕೆ ವಿಭಾಗದ ಅಧಿಕಾರಿ. ಹಾಂ, ದಾನೇಶ್ವರಿ ಮೇಡಮ್ಮೇ ಕಣಪ್ಪ. ನಿನ್ನ ನಂಬರು ಬದಲಾಗಿದೆಯಲ್ಲ, ಅದಕ್ಕೇ ಗೊತ್ತಾಗಲಿಲ್ಲ. ತಡಿ, ಕೊಬ್ಬರಿ ಮನೆಯ ಮೆಟ್ಟಿಲು ಹತ್ತಿ ಕೂತ್ಕೋತೀನಿ. ನಮ್ಮ ತೋಟದಲ್ಲಿ ಸಿಗ್ನಲ್ ಬರೋದು ಇದೊಂದೇ ಜಾಗದಲ್ಲಿ.

…

ಹಾಂ, ಈಗ ಹೇಳು. ನನ್ನ ದೂರಿನ ವಿಷಯ ತಾನೆ? ಅದಕ್ಕೇ ಕಾಯ್ತಿದ್ದೆ. ಸೋಮವಾರ ಕಳಿಸಿದ್ದು, ಇವತ್ತು ಶನಿವಾರ. ಸಮಿತಿಯವರು ವಿಚಾರಿಸಿದರಾ?… ವಿಚಾರಿಸಿದರು. ಸರಿ.

…

ಅಲ್ಲಪ್ಪ, ನಾನು ಯಾರ ಮೇಲೂ ಹೊಟ್ಟೆಕಿಚ್ಚಿನಿಂದ ಬರೆದದ್ದಲ್ಲ. ಅದು ಮೊದಲೇ ಸ್ಪಷ್ಟವಾಗಿರಲಿ. ನಿಯಮ ಮಾಡಿದವರು ನೀವೇ ಅಲ್ವಾ? ಪ್ರಾಚೀನ ಕಾವ್ಯದ ಪತ್ರಿಕೆಗೆ ಇಬ್ಬರು ಅಧ್ಯಾಪಕರು ಒಂದೇ ಪಾಠವನ್ನು ರೆಕಾರ್ಡ್ ಮಾಡಿ ಆ್ಯಪಿನಲ್ಲಿ ಹಾಕಬೇಕು. ಎಲ್ಲ ಕಾಲೇಜಿನ ಮಕ್ಕಳೂ ಒಂದು ತಿಂಗಳು ಯಾರದು ಬೇಕೋ ಅವರದನ್ನು ಕೇಳಬಹುದು. ಯಾರ ಪಾಠವನ್ನು ಕೊನೆಯವರೆಗೆ ಹೆಚ್ಚು ಸಲ ಕೇಳಿದ್ದಾರೋ ಅವರು ಇಡೀ ಪತ್ರಿಕೆಯ ಪಾಠ ಮಾಡುವುದು, ಇನ್ನೊಬ್ಬರದನ್ನು ತೆಗೆದುಹಾಕುವುದು. ನಾನು ಒಪ್ಪಿದೆ. ಇಪ್ಪತ್ತಾರು ವರ್ಷ ಪಾಠ ಮಾಡಿದವಳು ನಾನು. ಆ ತುರುವೇಕೆರೆಯ ಅತಿಥಿ ಉಪನ್ಯಾಸಕಿ, ಭಾನುಪ್ರಿಯಾ, ಅವಳಿಗೆ ಇಪ್ಪತ್ತಾರು ತುಂಬಿದೆಯೋ ಇಲ್ಲವೋ. ಆದರೂ ಒಪ್ಪಿದೆ.

…

ಗೊತ್ತು, ಗೊತ್ತು. ನನ್ನದು ನೂರ ಎಪ್ಪತ್ತೆಂಟು, ಅವಳದು ಇನ್ನೂರ ಹನ್ನೆರಡು. ಆ್ಯಪು ತೆರೆದರೆ ಮುಖಕ್ಕೇ ರಾಚುತ್ತೆ. ನೀನು ಓದಿ ಹೇಳಬೇಕಾಗಿಲ್ಲ.

…

ಅನುಮಾನ ಯಾಕೆ ಬಂತು ಅಂದರೆ, ನೀನೇ ಯೋಚನೆ ಮಾಡು. ಈಗಿನ ಮಕ್ಕಳು ಮೂವತ್ತೆಂಟು ನಿಮಿಷದ ಪಾಠವನ್ನು ಕೊನೆತನಕ ಕೇಳ್ತಾರಾ? ತಮ್ಮ ಅಕ್ಕನ ಮದುವೆ ವಿಡಿಯೋವನ್ನೇ ಓಡಿಸಿ ಓಡಿಸಿ ನೋಡೋರು. ನನ್ನ ನೂರ ಎಪ್ಪತ್ತೆಂಟರಲ್ಲಿ ನೂರು ನಮ್ಮ ಕಾಲೇಜಿನವರದೇ. ಇಂಟರ್ನಲ್ ಮಾರ್ಕ್ಸ್ ಹೆದರಿಕೆಗೆ ಕೇಳಿದ್ದಾರೆ, ನನಗೇನು ತಿಳಿಯದಾ. ಅವಳ ಕಾಲೇಜಿನಲ್ಲಿ ಆ ಪತ್ರಿಕೆ ತಗೊಂಡವರು ಎಲ್ಲ ಸೇರಿ ಅರವತ್ತು ಜನ. ಮಾರ್ಕ್ಸು ಅವಳ ಕೈಯಲ್ಲಿ ಇಲ್ಲವೇ ಇಲ್ಲ. ಇನ್ನೂರ ಹನ್ನೆರಡು ಎಲ್ಲಿಂದ ಉದುರಿತು? ಯಾರೋ ಒಂದೇ ಫೋನಿನಿಂದ ಮತ್ತೆ ಮತ್ತೆ ಓಡಿಸಿದ್ದಾರೆ ಅಂತ ಬರೆದೆ. ತಪ್ಪಾ?

…

ಏನಂದೆ?… ಇನ್ನೊಂದು ಸಲ ಹೇಳು.

…

ಹಾಗಾದರೆ ನಿಜ. ಒಂದೇ ಫೋನು. ಎಷ್ಟು ಸಲ?… ನಲವತ್ತೇಳು. ಶಿವಶಿವಾ. ನೋಡಿದೆಯಾ, ನಾನು ಹೇಳಲಿಲ್ಲವಾ? ಅಂದರೆ ಆ ನಲವತ್ತೇಳನ್ನು ಕಳೆದರೆ ಅವಳದು ನೂರ ಅರವತ್ತೈದಕ್ಕೆ ಇಳೀತು. ನನ್ನದು ಎಪ್ಪತ್ತೆಂಟು. ನೂರ ಎಪ್ಪತ್ತೆಂಟು.

…

ಖುಷಿ ಏನಿಲ್ಲಪ್ಪ. ನ್ಯಾಯ ಆಯಿತಲ್ಲ ಅಂದೆ, ಅಷ್ಟೆ. ಮಿಕ್ಕ ಮಕ್ಕಳು ಅವಳನ್ನು ಕೇಳಿಲ್ಲ ಅಂತ ನಾನೂ ಹೇಳಲಾರೆ. ಕೇಳ್ತಾರೆ. ಹೊಸ ಧ್ವನಿ, ಎಳೇ ಧ್ವನಿ, ಕೇಳದೇ ಏನು. ಆದರೆ ಅವಳು ಯಾರ ಹತ್ತಿರ ಕಲಿತದ್ದು ಗೊತ್ತಾ ನಿನಗೆ? ಹೋದ ವರ್ಷ ಅಧ್ಯಾಪಕರ ಶಿಬಿರದಲ್ಲಿ ಸಿಕ್ಕಿದ್ದಳು. ಪದ್ಯ ಓದೋದು ಯಾರಲ್ಲಿ ಕಲಿತೆಯಮ್ಮ ಅಂತ ನಾನೇ ಬಾಯಿ ಬಿಟ್ಟು ಕೇಳಿದೆ. "ಫೋನಲ್ಲಿ ಕಣ್ರೀ ಮೇಡಮ್. ಬಸ್ಸಲ್ಲಿ ಹೋಗ್ತಾ ಬತ್ತಾ ಇಯರ್‌ಫೋನ್ ಹಾಕ್ಕಂಡು" ಅಂದಳು. ನಾಚಿಕೆ ಇಲ್ಲ, ಸಂಕೋಚ ಇಲ್ಲ. ಚಿಕ್ಕನಾಯಕನಹಳ್ಳಿಯಲ್ಲಿ ಬಸ್ಸು ಹತ್ತಿದರೆ ಕಿಬ್ಬನಹಳ್ಳಿಯಲ್ಲಿ ಇಳಿದು ಇನ್ನೊಂದು ಹಿಡಿಯುವ ಹೊತ್ತಿಗೆ ಒಂದು ಸಂಧಿ ಮುಗಿಯುತ್ತಿತ್ತಂತೆ.

…

ತಪ್ಪಲ್ಲ ಅಂತೀಯಾ. ನೀನು ಹಾಗೇ ಅನ್ನಬೇಕು, ಆ ಆ್ಯಪು ನಡೆಸೋನು ನೀನು. ನಾನು ಹೇಗೆ ಕಲಿತೆ ಗೊತ್ತಾ? ಈಗ ಕೂತಿದ್ದೀನಲ್ಲ, ಇದೇ ಕೊಬ್ಬರಿ ಮನೆಯ ಜಗುಲಿಯ ಮೇಲೆ ನಮ್ಮಪ್ಪ ಬಸವರಾಜಪ್ಪನವರು ಶ್ರಾವಣ ಪೂರ್ತಿ ಪುರಾಣ ಓದುತ್ತಿದ್ದರು. ಮೇಲೆ ಅಟ್ಟದಲ್ಲಿ ವರುಷಗಟ್ಟಲೆ ಒಣಗುವ ಕಾಯಿ, ಕೆಳಗೆ ಗೋಣಿಚೀಲದ ಮೇಲೆ ನಾನು. ಅಣ್ಣಂದಿರಿಗೆ ಓದಲು ಕಲಿಸಿದರು. ನನಗೆ ಕೇಳಲು ಕಲಿಸಿದರು. "ಓದೋರು ಬೇಕಾದಷ್ಟು ಜನ ಅವ್ರೆ ಮಗಾ, ಕೇಳಾಕೆ ಒಬ್ರು ಬೇಕು" ಅನ್ನುತ್ತಿದ್ದರು. ಅಟ್ಟದ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಇನ್ನೂ ನೀರಿದೆಯೋ, ಕೊಬ್ಬರಿ ಕರಟ ಬಿಟ್ಟಿದೆಯೋ ಹೇಳುತ್ತಿದ್ದರು. ಪದ್ಯ ಓದುವವರ ಗಂಟಲನ್ನೂ ಹಾಗೇ ಹೇಳುತ್ತಿದ್ದರು. ಅವರ ಪಕ್ಕ ಕೂತು ಇಪ್ಪತ್ತು ಶ್ರಾವಣ ಕೇಳಿದ್ದೀನಿ ಮೋಹನ. ಒಂದು ಸಲವೂ ನನ್ನ ಕೈಗೆ ಪುಸ್ತಕ ಕೊಡಲಿಲ್ಲ. ಈ ಆ್ಯಪಿನವರು ಕೊಟ್ಟರು. ಮೊದಲ ಸಲ ಯಾರೋ ನನಗೂ ಓದಿ ಅಂದರು. ಅದಕ್ಕೆ ಅಡ್ಡ ಬಂದು ನಿಂತವಳು ಇವಳು.

…

ಸರಿ ಬಿಡು, ಅದು ಬೇಡ. ಆ ಫೋನು ಯಾರದಂತೆ? ಅವಳ ಅಣ್ಣನದಾ, ತಮ್ಮನದಾ?

…

ಯಾಕೆ ಹಿಂದೆ ಮುಂದೆ ನೋಡ್ತೀಯಾ? ಹೇಳು.

…

ಗಾನವಿ? ಯಾವ ಗಾನವಿ?… ನಮ್ಮ ಗಾನವಿಯಾ? ದಬ್ಬೇಘಟ್ಟದಿಂದ ಬರುತ್ತಾಳಲ್ಲ, ಎರಡನೇ ವರ್ಷದವಳು? ಅವಳು ನನ್ನ ಕ್ಲಾಸಿನ ಹುಡುಗಿ ಕಣೋ.

…

ಇರಲಿ, ಇರಲಿ. ನನಗೆ ಆಗಲೇ ಅನುಮಾನ ಬರಬೇಕಿತ್ತು. ಫಲಿತಾಂಶ ಬರುವ ಮುಂಚೆ ಒಂದು ದಿನ ಅವಳನ್ನೇ ಕೇಳಿದ್ದೆ, ಎರಡೂ ಕೇಳಿದೆಯಲ್ಲ, ಯಾರದು ಹೇಗಿದೆ ಅಂತ. ನೆಲ ನೋಡಿಕೊಂಡು ಹೇಳಿದಳು, "ನಿಮ್ದು ಕೇಳಿದ್ರೆ ಅರ್ಥ ಆಯ್ತದೆ ಮಿಸ್. ಅವರ್ದು ಕೇಳಿದ್ರೆ ಏನೋ ಆಯ್ತದೆ." ಏನೋ ಅಂದರೆ ಏನೇ ಅಂದೆ. ಬಸ್ಸಿಗೆ ಹೊತ್ತಾಯ್ತು ಅಂತ ಓಡಿದಳು. ಎರಡು ದಿನ ನನಗೆ ಊಟ ಸೇರಲಿಲ್ಲ. ಈಗ ನೋಡಿದರೆ ನಲವತ್ತೇಳು ಸಲ ಓಡಿಸಿ ಕೂತಿದ್ದಾಳೆ. ಕರೆದು ಕೇಳಿ ಅವಳನ್ನು, ಯಾರು ಹೇಳಿಕೊಟ್ಟರು ಅಂತ.

…

ಕೇಳಿದೆಯಾ? ಯಾವಾಗ?… ಇವತ್ತು ಬೆಳಿಗ್ಗೆ. ಏನಂದಳು?

…

…

ಹಾಂ. ಇದ್ದೀನಿ. ಕೇಳಿಸ್ತಿದೆ.

…

ಹೌದು. ಲಾಗಿನ್ ಅವಳದು. ಫೋನು ನನ್ನದು. ಈಗ ಕಿವಿಗೆ ಹಿಡಿದಿದ್ದೀನಲ್ಲ, ಇದೇ.

…

ಅವಳನ್ನು ಏನೂ ಅನ್ನಬೇಡ ಮೋಹನ. ಶಿಕ್ಷಕರ ಲಾಗಿನ್‌ನಲ್ಲಿ ಇನ್ನೊಬ್ಬ ಶಿಕ್ಷಕರ ಪಾಠ ತೆರೆಯುವುದಿಲ್ಲವಲ್ಲ. ಮಕ್ಕಳಿಗೆ ಆ್ಯಪು ಹೇಗೆ ಕಾಣುತ್ತೆ ಅಂತ ನೋಡಬೇಕು, ನಿನ್ನದನ್ನು ಇದರಲ್ಲಿ ಹಾಕಿಕೊಡು ಅಂತ ನಾನೇ ಅಂದೆ. ನೆಪ. ಆ ಹುಡುಗಿ ಏನು ಅಂತ ಕೂಡ ಕೇಳಲಿಲ್ಲ, ಹಾಕಿಕೊಟ್ಟಳು. ಮೊನ್ನೆ ನೀವೆಲ್ಲ ವಿಚಾರಣೆ ಅಂತ ನೋಟೀಸು ಹಾಕಿದಾಗಲೂ ನನ್ನ ಮುಂದೆ ಬಾಯಿ ಬಿಡಲಿಲ್ಲ. ಈಗ ಅವಳ ಬಗ್ಗೆ ನಿನ್ನ ಹತ್ತಿರ ಏನೇನು ಅಂದೆ ನಾನು.

…

ಸತ್ಯವಾಗಿ ಹೇಳ್ತೀನಿ, ನನಗೆ ಹೊಳೆಯಲಿಲ್ಲ. ನಾಲ್ಕೈದು ಸಲ ಕೇಳಿರಬಹುದು ಅಂದುಕೊಂಡಿದ್ದೆ. ಮೇಲಾಗಿ ನಾನು ಟೀಚರಲ್ಲವಾ, ನನ್ನದನ್ನು ಬಿಟ್ಟು ಎಣಿಸುತ್ತೆ ಅಂತ. ಆ ಯಂತ್ರಕ್ಕೆ ನಾನು ಗಾನವಿ ಅಂತ ನನಗೇ ಮರೆತುಹೋಗಿತ್ತು.

…

ತಪ್ಪು ಹುಡುಕೋಕೆ ಕೇಳಿದೆ ಕಣಪ್ಪ, ಮತ್ತೇನಕ್ಕೆ. ಒಂದು ನೋಟುಬುಕ್ಕೇ ಇಟ್ಟಿದ್ದೆ. ಎಲ್ಲಿ ಭಾನುಪ್ರಿಯಾ ಉಸಿರು ತಪ್ಪಿದಳು, ಎಲ್ಲಿ ರಾಗ ಜಾರಿತು, ಬರೆಯೋಣ ಅಂತ. ಮೊದಲ ಪುಟದಲ್ಲಿ ಎರಡು ಸಾಲಿದೆ, ಅಷ್ಟೆ.

…

ಕೊನೆತನಕ ಯಾಕೆ ಅಂದರೆ, ನಮ್ಮ ಮನೆಯಲ್ಲಿ ಓದು ಶುರುವಾದ ಮೇಲೆ ಮಂಗಳದ ಪದ್ಯ ಆಗೋವರೆಗೆ ಯಾರೂ ಎದ್ದೇಳಬಾರದು. ನಮ್ಮಮ್ಮ ಒಲೆಯ ಮೇಲೆ ಹಾಲು ಉಕ್ಕಿದರೂ ಎದ್ದವರಲ್ಲ. ಕೇಳುವವರು ನಡುವೆ ಎದ್ದು ಹೋದರೆ ಪದ್ಯ ಬಾಗಿಲಲ್ಲೇ ನಿಂತಿರುತ್ತೆ, ಒಳಗೂ ಇಲ್ಲ ಹೊರಗೂ ಇಲ್ಲ ಅಂತ ಅಪ್ಪ ಹೇಳುತ್ತಿದ್ದರು. ಆ ಹುಡುಗಿಯ ಮೇಲೆ ನನಗೆ ಸಿಟ್ಟು, ಪದ್ಯದ ಮೇಲೆ ಸಿಟ್ಟಿಲ್ಲವಲ್ಲ. ಒಂದು ಪದ್ಯದ ತಪ್ಪು ನೋಡೋಣ ಅಂತ ತೆರೆದರೂ ಮಂಗಳದ ತನಕ ಕೂರೋದೇ. ಎಷ್ಟೋ ಮಕ್ಕಳು ಹತ್ತು ನಿಮಿಷಕ್ಕೆ ಬಿಟ್ಟುಹೋದರು, ಯಂತ್ರ ಅವರನ್ನು ಎಣಿಸಲಿಲ್ಲ. ನಾನೊಬ್ಬಳು ಪ್ರತಿ ಸಲ ಕೈ ಕಟ್ಟಿ ಕೂತೆ, ಎಣಿಸಿತು. ಅವಳನ್ನು ಗೆಲ್ಲಿಸಿದವಳು ನಾನೇ ಅನ್ನು.

…

ನಗು, ನಗು. ನಿನ್ನ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

…

ಏನದು? ನನ್ನ ಪಾಠವನ್ನಾ? ನಾನು ಎಷ್ಟು ಸಲ ಕೇಳಿದೆ ಅಂತಲೂ ಇದೆಯಾ ಅದರಲ್ಲಿ?

…

ಎರಡು ಸಲ ತೆರೆದಿದ್ದೀನಿ. ಹೌದು. ಹನ್ನೊಂದನೇ ನಿಮಿಷಕ್ಕೆ ಒಂದು ಸಲ, ಒಂಬತ್ತನೇ ನಿಮಿಷಕ್ಕೆ ಒಂದು ಸಲ ನಿಲ್ಲಿಸಿದ್ದೀನಿ. ಅದನ್ನು ಕೂಡ ಬರೆದಿಟ್ಟುಕೊಳ್ಳುತ್ತಾ ನಿಮ್ಮ ಯಂತ್ರ.

…

ಯಾಕೆ ಅಂತ ಕೇಳಬೇಡ. ಆ ಬಾಗಿಲಿನ ಪದ್ಯ ಗೊತ್ತಲ್ಲ ನಿನಗೆ, ಶರಣ ಮನೆ ಬಿಟ್ಟು ಹೊರಡುತ್ತಾನೆ, ಹೆಂಡತಿ ದೀಪ ಹಿಡಿದು ಹೊಸ್ತಿಲಲ್ಲಿ ನಿಲ್ಲುತ್ತಾಳೆ. ನಾನು ಅಲ್ಲಿ ಪದ ಪದಕ್ಕೂ ಅರ್ಥ ಹೇಳಿದ್ದೀನಿ, ಅಲಂಕಾರ ಹೇಳಿದ್ದೀನಿ, ಪರೀಕ್ಷೆಗೆ ಎಷ್ಟು ಅಂಕಕ್ಕೆ ಬರುತ್ತೆ ಅದೂ ಹೇಳಿದ್ದೀನಿ. ಅವಳು ಆ ಪದ್ಯ ಓದಿ ಸುಮ್ಮನಾಗುತ್ತಾಳೆ. ಎರಡು ಉಸಿರಿನಷ್ಟು ಹೊತ್ತು. ಮೊದಲ ಸಲ ಕೇಳಿದಾಗ ನೆಟ್‌ವರ್ಕು ಹೋಯಿತೇನೋ ಅಂತ ಫೋನನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಆಮೇಲೆ ಕೆಳಗಿನ ದನಿಯಲ್ಲಿ ಮುಂದಿನ ಪದ್ಯ ಎತ್ತಿಕೊಂಡಳು. ನಮ್ಮಪ್ಪ ಅಲ್ಲೇ ಸುಮ್ಮನಾಗುತ್ತಿದ್ದರು ಮೋಹನ. ಅದೇ ಜಾಗದಲ್ಲಿ, ಅಷ್ಟೇ ಹೊತ್ತು. ಇಪ್ಪತ್ತು ಶ್ರಾವಣ ಕೇಳಿದ ನನಗೆ ಓದುವಾಗ ನೆನಪಾಗಲಿಲ್ಲ. ಬಸ್ಸಿನಲ್ಲಿ ಕಲಿತವಳಿಗೆ ಅದು ಯಾರು ಕೊಟ್ಟರು? ಹೊಟ್ಟೆ ಉರಿಯೋದಿಲ್ಲವಾ?

…

ಹಾಂ, ಉರೀತು. ಆಗಲೇ ಇಲ್ಲ ಅಂದಿದ್ದೆ, ಈಗ ಹೌದು ಅಂತೀನಿ. ಬರೆದುಕೋಬೇಡ ಅದನ್ನ.

…

ಸಮಿತಿ ಏನನ್ನುತ್ತೆ ಈಗ?… ನಿಧಾನವಾಗಿ ಹೇಳು… ಹೂಂ… ಲಾಗಿನ್ ಯಾರದಾದರೂ ಸರಿ, ಮನುಷ್ಯರು ಕೂತು ಕೇಳಿದ್ದರೆ ಅದು ಕೇಳಿದ್ದೇ, ಲೆಕ್ಕಕ್ಕೆ ಬರುತ್ತೆ. ಫೋನು ಸುಮ್ಮನೆ ತಾನೇ ಓಡಿದ್ದರೆ ಮಾತ್ರ ತೆಗೆಯುತ್ತಾರೆ. ಸರಿ. ಅದು ಅವರಿಗೆ ಹೇಗೆ ಗೊತ್ತಾಗುತ್ತೆ?

…

ನನ್ನ ಮಾತೇ ಸಾಕಾ? ನಾನು ಹೇಳಿದ್ದನ್ನೇ ನೀನು ಬರೆದುಕೊಡೋದಾ?

…

ಓ. ಅದಕ್ಕೇ ಮೊದಲು ನೀನೇ ಫೋನು ಮಾಡಿದೆಯಾ.

…

ಅಂದರೆ, ಬ್ಯಾಗಿನಲ್ಲಿತ್ತು, ಕೈ ತಾಗಿ ತಾನೇ ಓಡಿತು ಅಂತ ನಾನು ಅಂದರೆ ಮುಗೀತು. ನಲವತ್ತೇಳೂ ಹೋಗುತ್ತವೆ. ಪತ್ರಿಕೆ ನನ್ನದು. ಯಾರೂ ಮತ್ತೆ ಕೇಳೋಕೆ ಬರೋದಿಲ್ಲ.

…

ನಿನ್ನ ಒಳ್ಳೇ ಮನಸ್ಸು ನನಗೆ ಅರ್ಥವಾಗುತ್ತೆ. ಗುರುಗಳು ಅಂತ ಹೇಳ್ತಿದ್ದೀಯಾ.

…

ಸ್ವಲ್ಪ ತಡಿ. ಹಾಗೇ ಲೈನಿನಲ್ಲಿ ಇರು.

…

…

ಆ ಭಾನುಪ್ರಿಯಾಗೆ ಇದು ಬೇಕು, ವರ್ಷ ವರ್ಷ ಅತಿಥಿ ಅಂತ ಅರ್ಜಿ ಹಾಕಿಕೊಂಡು ಓಡಾಡುವವಳು, ನಿಮಗೆ ಇನ್ನು ನಾಲ್ಕು ವರ್ಷದ ಸರ್ವೀಸು ಅಂತ ಮಾತ್ರ ನೀನು ಹೇಳಬೇಡ. ಅದು ನನಗೆ ಗೊತ್ತು. ಅದಕ್ಕಾಗಿ ನಾನು ಬಿಟ್ಟುಕೊಡೋದಿಲ್ಲ. ಅಷ್ಟು ದೊಡ್ಡವಳು ನಾನಲ್ಲ. ನನಗೂ ಬೇಕು ಮೋಹನ. ನಾಳೆ ದಿನ ನಾನು ಸತ್ತ ಮೇಲೂ ಯಾರೋ ಒಬ್ಬ ಹುಡುಗಿ ಬಸ್ಸಿನಲ್ಲಿ ಕೂತು ನನ್ನ ಧ್ವನಿ ಕೇಳಲಿ ಅಂತ ನನಗೂ ಆಸೆ ಇದೆ.

…

ಇಲ್ಲ, ಅಳ್ತಿಲ್ಲ. ಕಾಯಿ ಸುಲಿಯೋ ಜಾಗ, ನಾರಿನ ಧೂಳು.

…

ನಮ್ಮ ಮನೆಯಲ್ಲಿ ಇನ್ನೊಂದು ಪದ್ಧತಿ ಇತ್ತು. ಓದು ಮುಗಿದು ಪುಸ್ತಕ ಕಟ್ಟಿದ ಮೇಲೆ ಅಪ್ಪ ತಲೆ ಎತ್ತಿ, "ಕೇಳಿದ್ರಾ?" ಅನ್ನುತ್ತಿದ್ದರು. ಕೂತವರು ಒಬ್ಬೊಬ್ಬರೂ "ಕೇಳಿದೆ" ಅನ್ನಬೇಕು, ಆಮೇಲೆ ವಿಭೂತಿ. ನಿದ್ದೆ ಮಾಡಿದವರು ಸುಳ್ಳು ಹೇಳಿ ತಗೊಂಡರೆ ಅವರು ನಕ್ಕು ಕೊಡುತ್ತಿದ್ದರು. ಅದು ಅಂಥ ದೊಡ್ಡ ತಪ್ಪೇನಲ್ಲ. ಆದರೆ ಕೇಳಿದವನು ಕೇಳಲಿಲ್ಲ ಅಂದದ್ದನ್ನು ನಾನು ಆ ಜಗುಲಿಯ ಮೇಲೆ ಒಮ್ಮೆಯೂ ನೋಡಿಲ್ಲ. ಅದಕ್ಕೆ ಏನು ಶಿಕ್ಷೆ ಅಂತಲೂ ಅವರು ಹೇಳಲಿಲ್ಲ, ಯಾಕೆಂದರೆ ಅಂಥದ್ದು ಇರುತ್ತೆ ಅಂತ ಅವರಿಗೆ ಗೊತ್ತೇ ಇರಲಿಲ್ಲ.

…

ಬರಕೋ.

…

ಕೇಳಿದೆ. ನಲವತ್ತೇಳು ಸಲವೂ ನಾನೇ ಕೂತು ಕೇಳಿದೆ. ಫೋನು ತಾನಾಗಿ ಓಡಲಿಲ್ಲ. ಹಾಗೇ ಬರಿ, ನಿನ್ನ ಮಾತು ಸೇರಿಸಬೇಡ. ಬರೆದೆಯಾ? ಓದು.

…

ಹಾಂ. "ಕೊನೆಯವರೆಗೆ" ಅಂತಲೂ ಹಾಕು.

…

ಗೊತ್ತು. ಸೋಮವಾರ ನನ್ನ ಪಾಠ ತೆಗೀತಾರೆ. ತೆಗೀಲಿ. ನಮ್ಮ ಕಾಲೇಜಿನ ನೂರು ಮಕ್ಕಳಿಗೆ ಒಂದು ಹೆದರಿಕೆ ಕಮ್ಮಿ ಆಗುತ್ತೆ.

…

ದೂರನ್ನು ವಾಪಸು ತಗೊಂಡಿದ್ದಾರೆ ಅಂತ ಬರಿ. ಕ್ಷಮೆ ಕೇಳಿದ್ದಾರೆ ಅಂತ ಬರೀಬೇಡ. ಗಾನವಿಯನ್ನು ನಾನೇ ಕರೆದು ಕೇಳಿಕೊಳ್ಳುತ್ತೀನಿ, ಅವಳ ಹತ್ತಿರ ಕೇಳಬೇಕು. ತುರುವೇಕೆರೆಯವಳ ಹತ್ತಿರ ಇನ್ನೂ ಬೇಡ. ಅವಳಿಗೆ ಈ ನಲವತ್ತೇಳು ಯಾರದು ಅಂತಲೂ ಹೇಳಕೂಡದು ನೀನು. ಆಣೆ ಇಟ್ಟು ಹೇಳು.

…

ಗೊತ್ತಾದರೆ ಓಡಿ ಬಂದು ಕಾಲಿಗೆ ಬೀಳುತ್ತಾಳೆ ಕಣಪ್ಪ. ಆ ಥರದ ಹುಡುಗಿ ಅವಳು, ಶಿಬಿರದಲ್ಲೇ ನೋಡಿದ್ದೀನಿ. ಅವಳು ಕೆಟ್ಟವಳಾಗಿದ್ದಿದ್ದರೆ ನನಗೆ ಎಷ್ಟು ಸುಲಭ ಆಗುತ್ತಿತ್ತು.

…

ಹಾಂ, ಆಯ್ತು. ಬಿಸಿಲು ಮೆಟ್ಟಿಲಿಗೇ ಬಂತು, ನಾನೂ ಇಳೀತೀನಿ. ನಿನ್ನ ಹೆಂಡತಿ, ಮಗು ಚೆನ್ನಾಗಿದ್ದಾರಾ?… ಒಳ್ಳೇದಾಗಲಿ. ತಿಪಟೂರಿನ ಕಡೆ ಬಂದಾಗ ಮನೆಗೆ ಬಾ.

…

ಹಾಂ, ಮೋಹನ. ಇಡಬೇಡ. ಒಂದು ಮಾತು.

…

ಇಡೀ ಪತ್ರಿಕೆ ಇನ್ನು ಅವಳೇ ಓದೋದು ಅಂದೆಯಲ್ಲ. ಮುಂದಿನ ಪಾಠ ಯಾವತ್ತು ಹಾಕ್ತಾಳಂತೆ?

…

ಸುಮ್ಮನೆ ಕೇಳಿದೆ. ಮಕ್ಕಳು ಕೇಳ್ತಾರಲ್ಲ, ಹೇಳೋಕೆ ಬೇಕು… ಹಲೋ? ಏನಂದೆ, ಗುರುವಾರವಾ? ಎಷ್ಟು ಗಂಟೆಗೆ ಅಂದೆ? ಮೋಹನ, ಎಷ್ಟು ಗಂಟೆಗೆ… ಹಲೋ… ಹಲೋ…